ಕೈ ತೊಳೆಯುವ ನೀರು

ಹುಣಸೆ ಕಾಲ ಮುಗಿದು ಎಷ್ಟೋ ವಾರ ಕಳೆದರೂ ನಮ್ಮ ಅತ್ತೆಯ ಬೆರಳುಗಳು ಕಪ್ಪಾಗಿಯೇ ಇರುತ್ತಿದ್ದವು. ಉಗುರಿನ ಸಂದಿಯಲ್ಲಿ, ಗೆಣ್ಣಿನ ಗೆರೆಗಳಲ್ಲಿ ಆ ಹುಳಿಯ ಬಣ್ಣ ಕೂತುಬಿಟ್ಟಿರುತ್ತಿತ್ತು. ಎಡಗೈ ಹೆಬ್ಬೆರಳಿನ ತುದಿ ಚಪ್ಪಟೆ. ಮದುವೆಯಾದ ಹೊಸತರಲ್ಲಿ ಹುಣಸೆಹಣ್ಣು ಬಡಿಯುವಾಗ ಮರದ ಕೊಡತಿಯ ಏಟು ತಪ್ಪಿ ಬಿದ್ದದ್ದಂತೆ. "ನಿಮ್ ಮಾವನ್ನ ನೋಡ್ಕಂಡು ಬಡೀತಿದ್ದೆ ಕಣಮ್ಮಿ, ಅದ್ಕೇ ಹಿಂಗಾಯ್ತು" ಎಂದು ನಗುತ್ತಿದ್ದಳು. ಆ ಚಪ್ಪಟೆ ಬೆರಳಿನಿಂದ ನನ್ನ ಮೂಗು ಹಿಂಡಿ "ಏನಮ್ಮಿ ಸೊಸೆ" ಎಂದರೆ ಮೂಗಿನ ತುದಿಗೆ ಹುಳಿ ವಾಸನೆ ಅಂಟಿಕೊಳ್ಳುತ್ತಿತ್ತು. ಈಗಲೂ ಯಾರಾದರೂ ಬಸ್ಸಿಗೆ ಹುಣಸೆಹಣ್ಣಿನ ಚೀಲ ಹತ್ತಿಸಿದರೆ ಮೊದಲು ನನ್ನ ಮೂಗು ತುರಿಸುತ್ತದೆ, ಆಮೇಲೆ ಕಣ್ಣು ತುಂಬುತ್ತದೆ.

ನಾನು ಬಸ್ ಕಂಡಕ್ಟರ್. ಕನಕಪುರದಿಂದ ಸಾತನೂರಿಗೆ, ಅಲ್ಲಿಂದ ಉಯ್ಯಂಬಳ್ಳಿ ಕಡೆಗೆ ಹೋಗಿಬರುವ ಸರ್ಕಾರಿ ಬಸ್ಸು ನನ್ನದು. ಅತ್ತೆ ಎಂದರೆ ಅಪ್ಪನ ಅಕ್ಕ, ನನ್ನ ಸೋದರತ್ತೆ. ನಾವು ಇರುಳಿಗರು, ಕಾಡಿನ ಜನ. ಹತ್ತಾರು ಮನೆಗಳ ನಮ್ಮ ದೊಡ್ಡಿ ಇರುವುದು ಉಯ್ಯಂಬಳ್ಳಿಯಿಂದ ಇನ್ನೂ ಒಳಗೆ, ಕಾಡಿನ ಅಂಚಿನಲ್ಲಿ. ಹುಣಸೆ, ಜೇನು, ಗೌಡರ ರೇಷ್ಮೆ ತೋಟಗಳಲ್ಲಿ ಕೂಲಿ, ನಾಲ್ಕು ಆಡು, ಒಂದಿಷ್ಟು ರಾಗಿ, ಇಷ್ಟರಲ್ಲೇ ಬದುಕು. ಆ ದೊಡ್ಡಿಗೆ ನಮ್ಮತ್ತೆ ಯಜಮಾನ್ತಿ. ಯಜಮಾನನ ಹೆಂಡತಿಯನ್ನು ಬಾಯಿಮಾತಿಗೆ ಹಾಗೆ ಕರೆಯುವುದುಂಟು, ಇದು ಆ ಲೆಕ್ಕದ್ದಲ್ಲ. ನ್ಯಾಯ ಹೇಳುವವಳು ಅವಳು, ಮದುವೆ ಮಾತಿಗೆ ಮೊದಲ ಎಲೆಅಡಿಕೆ ತೆಗೆದುಕೊಳ್ಳುವವಳು ಅವಳು, ಫಾರೆಸ್ಟಿನವರು ಬಂದರೂ ಗೌಡರು ಬಂದರೂ ಮುಂದೆ ನಿಂತು ಮಾತಾಡುವವಳು ಅವಳು.

ಮೊದಲು ಅವಳೂ ಬರೀ ಯಜಮಾನನ ಹೆಂಡತಿಯೇ. ಯಜಮಾನ ನಮ್ಮ ಮಾವ. ದೇವರಂಥ ಮನುಷ್ಯ, ನ್ಯಾಯದ ಮಾತು ಮಾತ್ರ ಬಾರದು. ಎರಡು ಕಡೆಯವರೂ ಬಂದು ಕೂತು ತಮ್ಮ ತಮ್ಮ ದೂರು ಹೇಳಿ ಮುಗಿಸಿದ ಮೇಲೆ ಮಾವ ಟವೆಲ್ ಕೊಡವಿಕೊಂಡು ಏಳುತ್ತಿದ್ದರು. "ಒಸಿ ತಡೀರಿ, ಒಳಗೆ ಒಂದ್ ಮಾತು ಕೇಳ್ಕಂಡು ಬತ್ತೀನಿ." ಒಳಗೆ ಅತ್ತೆ ಮುದ್ದೆ ತಿರುವುತ್ತಿರುತ್ತಿದ್ದಳು. ಮುದ್ದೆ ಕೋಲು ನಿಲ್ಲಿಸದೆ ಏನೋ ಹೇಳುತ್ತಿದ್ದಳು. ಮಾವ ಹೊರಗೆ ಬಂದು ಅದನ್ನೇ ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದರು. ಜನ ತಲೆದೂಗಿ ಏಳುತ್ತಿದ್ದರು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

ಮಾವ ತೀರಿಕೊಂಡಾಗ ಮುಂದಿನ ಯಜಮಾನ ಯಾರು ಎಂಬ ಮಾತು ಬಂತು. ಮಾವನ ತಮ್ಮ, ನಾನು ಚಿಕ್ಕಮಾವ ಎನ್ನುವವರು, ಮೀಸೆ ತಿರುವಿ ತಯಾರಾಗಿದ್ದರು. "ಹೆಣ್ಣೆಂಗಸು ನ್ಯಾಯ ಹೇಳಿದ್ರೆ ಮೊಕಕ್ಕೆ ಉಗಿಯಾಕಿಲ್ವಾ ಜನ" ಎಂದು ಅವರದೇ ವಾದ. ಅವರೇ ಯಜಮಾನರಾಗಿ ಕೂತರು. ಮೊದಲ ಜಗಳ ಅವರ ಮುಂದೆ ಬಂತು, ಬೇಲಿ ಒತ್ತುವರಿಯದ್ದು. ಚಿಕ್ಕಮಾವ ಎರಡು ಕಡೆಯದನ್ನೂ ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ ಟವೆಲ್ ಕೊಡವಿಕೊಂಡು ಎದ್ದರು. "ಒಸಿ ತಡೀರಿ" ಎಂದು ಹೊರಟವರು ತಮ್ಮ ಮನೆ ಕಡೆಗೆ ಹೋಗಲಿಲ್ಲ, ಸೀದಾ ಅತ್ತೆಯ ಮನೆಯೊಳಗೆ ಹೋದರು. ಕೂತಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕರು. ಅಂದಿನಿಂದ ಯಜಮಾನಿಕೆ ಒಳಗಿಂದ ಹೊರಗೆ ಬಂತು.

ಹೊರಗೆ ಬಂದವಳು ತನ್ನದೇ ಒಂದು ಪದ್ಧತಿ ಮಾಡಿಕೊಂಡಳು. ಮನೆ ಮುಂದೆ ಒಂದು ಮುದಿ ಹುಣಸೆಮರ. "ಮರ ಮುಪ್ಪಾದ್ರೆ ಹುಳಿಗೆ ಮುಪ್ಪಾ" ಅನ್ನುತ್ತಾರಲ್ಲ, ಅಂಥದ್ದು. ನ್ಯಾಯ ಅದರ ಕೆಳಗೆ. ಆದರೆ ಬರಿಗೈಯಲ್ಲಿ ಕೂರುವಂತಿಲ್ಲ. ನಡುವೆ ಟಾರ್ಪಾಲಿನ ಮೇಲೆ ಬಿಸಿಲಿಗೆ ಒಣಗಿದ ಹುಣಸೆಹಣ್ಣಿನ ಗುಡ್ಡೆ. ಬಂದವರೆಲ್ಲ ಸುತ್ತ ಕೂತು ಓಡು ಬಿಡಿಸಬೇಕು, ನಾರು ಎಳೆಯಬೇಕು, ಕಲ್ಲಿನ ಮೇಲಿಟ್ಟು ಬಡಿದು ಬೀಜ ತೆಗೆಯಬೇಕು. ಕೈ ಆಡಿಸುತ್ತಾ ಮಾತಾಡಬೇಕು. ಸಣ್ಣ ಪುಟ್ಟ ತಕರಾರಿಗೆ ಅವರೆಕಾಯಿ ಸುಲಿಯುವುದೋ ಹುರುಳಿ ಆರಿಸುವುದೋ ಸಾಕಾಗುತ್ತಿತ್ತು. ದೊಡ್ಡ ಜಗಳವಾದರೆ "ಹುಣಸೇಗೆ ಇಟ್ಕಳಿ" ಎಂದು ಮುಂದಕ್ಕೆ ಹಾಕುತ್ತಿದ್ದಳು. ಹುಣಸೆ ಕಾಲ ಬರುವ ಹೊತ್ತಿಗೆ ಅರ್ಧ ಜಗಳಗಳು ತಮ್ಮಷ್ಟಕ್ಕೆ ಕರಗಿರುತ್ತಿದ್ದವು, ಜಗಳ ಆಡಿದವರೇ ಯಾವುದಕ್ಕೆ ಆಡಿದ್ದು ಎಂದು ತಲೆ ಕೆರೆದುಕೊಳ್ಳುತ್ತಿದ್ದರು.

"ಕೈಗೆ ಕೆಲ್ಸ ಇದ್ರೆ ಬಾಯಿ ಅಳತೇಲಿರ್ತದೆ" ಎನ್ನುವುದು ಅವಳ ಮಾತು. ಹುಣಸೆಹಣ್ಣು ಮೆತ್ತಿದ ಕೈಯಲ್ಲಿ ಎದುರಿನವನ ಕೊರಳಪಟ್ಟಿ ಹಿಡಿಯಲು ಆಗುವುದಿಲ್ಲ. ಬೆರಳು ತೋರಿಸಿದರೆ ಬೆರಳಿಗೆ ನಾರು ನೇತಾಡುತ್ತಿರುತ್ತದೆ, ನೋಡಿದವರಿಗೆ ನಗು. ಸಿಟ್ಟಿನಿಂದ ಎದ್ದು ಹೋಗೋಣವೆಂದರೆ ಕೈ ಅಂಟು. ನೀರಿನ ಹರವಿ ಅತ್ತೆಯ ಬಲಗಡೆ ಇರುತ್ತಿತ್ತು, ಅದರ ಮೇಲೆ ನೆಗ್ಗಿದ ಸ್ಟೀಲು ಚೊಂಬು. ಒಂದು ಕಟ್ಟುನಿಟ್ಟು: ಮಾತು ತೀರ್ಮಾನ ಆಗುವವರೆಗೆ ಯಾರಿಗೂ ಕೈ ತೊಳೆಯುವ ನೀರಿಲ್ಲ. ತೀರ್ಮಾನವಾದ ಮೇಲೆ ಅವಳೇ ಎದ್ದು ಎರಡು ಕಡೆಯವರ ಕೈಗೂ ನೀರು ಹುಯ್ಯುತ್ತಿದ್ದಳು. ಎಲ್ಲರ ಕೈಯೂ ತೊಳೆದು ಮುಗಿದರೆ ನ್ಯಾಯ ಮುಗಿದಂತೆ. "ಆಯ್ತಾ? ಇನ್ನ ಊಟಕ್ಕೇಳಿ" ಎಂದು ಅವಳು ಹೇಳಿದ ಮೇಲೆ ಆ ಜಗಳದ ಸುದ್ದಿ ಅಲ್ಲಿಗೆ ಬಿಡಬೇಕು. ಕೊನೆಗೆ ಅವಳ ಕೈಗೆ ನೀರು ಹುಯ್ಯುತ್ತಿದ್ದವಳು ನಾನು, ಚಿಕ್ಕಂದಿನಿಂದ. ಆ ನೀರು ಕಾಫಿಯ ಬಣ್ಣಕ್ಕೆ ತಿರುಗಿ ಮರದ ಬುಡಕ್ಕೆ ಹರಿದುಹೋಗುತ್ತಿತ್ತು.

ಒಂದು ಸಲ ಪಕ್ಕದ ಊರಿನ ಗೌಡರೊಬ್ಬರು ಬೈಕಿನಲ್ಲಿ ಧೂಳೆಬ್ಬಿಸಿಕೊಂಡು ಬಂದರು. ನಮ್ಮವರ ಆಡುಗಳು ಅವರ ಹಿಪ್ಪುನೇರಳೆ ತೋಟಕ್ಕೆ ನುಗ್ಗಿದ್ದವು. ರೇಷ್ಮೆ ಹುಳ ನಾಲ್ಕನೆಯ ಸಲ ಪೊರೆ ಬಿಡುವ ಜ್ವರದಿಂದ ಎದ್ದು ಬಕಾಸುರನ ಹಾಗೆ ಸೊಪ್ಪು ತಿನ್ನುವ ಹೊತ್ತು. ಒಂದು ಹೊತ್ತು ತಪ್ಪಿದರೂ ಗೂಡು ಸಣ್ಣದಾಗುತ್ತದೆ, ರಾಮನಗರದ ಮಾರ್ಕೆಟ್ಟಿನಲ್ಲಿ ಅದನ್ನು ಮೂಸುವವರಿಲ್ಲ. ಅವರ ಸಿಟ್ಟು ಸುಳ್ಳಲ್ಲ. ಬೈಕು ನಿಲ್ಲಿಸುವ ಮೊದಲೇ ಶುರುವಾಯಿತು. "ಯಾವನ್ಲಾ ಅವ್ನು ಆಡು ಬುಟ್ಟೋನು! ಕಾಡ್ ಮುಂಡೇವಾ, ನಿಮ್ಗೆ ಊರು ಪಕ್ಕ ಜಾಗ ಕೊಟ್ಟುದ್ದೇ ತಪ್ಪಾಯ್ತು ಕಣ್ರೋ!"

ಅತ್ತೆ ಕೂತಲ್ಲಿಂದಲೇ ಹೇಳಿದಳು. "ಬನ್ನಿ ಗೌಡ್ರೆ, ಕುಂತ್ಕಳಿ. ನಿಂತ್ಕಂಡು ಆಡಿದ ಮಾತು ತಲೆ ಮೇಲೆ ಹೊಂಟೋಯ್ತದೆ. ಕುಂತ್ಕಂಡು ಆಡಿದ್ರೆ ಕಿವಿಗೆ ಬೀಳ್ತದೆ."

ಅದು ಹೇಗೆ ಕೂತರೋ ಅವರಿಗೇ ಗೊತ್ತಿಲ್ಲ. ಇಸ್ತ್ರಿ ಮಾಡಿದ ಬಿಳಿ ಪಂಚೆ. ಅತ್ತೆ ಒಂದು ಬೊಗಸೆ ಹಣ್ಣು ಅವರ ಮುಂದೆ ಸರಿಸಿದಳು. ಮಾತಾಡುತ್ತಾ ಮಾತಾಡುತ್ತಾ ಅವರ ಕೈ ತಾನಾಗಿ ಓಡು ಬಿಡಿಸತೊಡಗಿತು. ರೈತನ ಕೈ, ಸುಮ್ಮನಿರಲು ಅದಕ್ಕೂ ಬಾರದು. ಬೈಗುಳ ಕಡಿಮೆಯಾಗಿ ಹುಳದ ಮಾತು ಬಂತು, ಮಳೆ ಮಾತು ಬಂತು, ಈ ಸಲ ಸೊಪ್ಪಿಗೆ ಬಂದ ರೋಗದ ಮಾತು ಬಂತು. ಆಡಿನ ಒಡೆಯ ಮಾತ್ರ ತಲೆ ಬಗ್ಗಿಸಿಕೊಂಡು ನಾರು ಎಳೆಯುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ಗೌಡರು ಕೈ ನೋಡಿಕೊಂಡು "ಒಸಿ ನೀರು ಕೊಡವ್ವ" ಎಂದರು.

"ನ್ಯಾಯ ಮುಗೀಲಿ ಗೌಡ್ರೆ."

ತೀರ್ಮಾನ ಹೀಗಾಯಿತು. ಹುಳ ಹಣ್ಣಾಗಿ ಗೂಡು ಕಟ್ಟುವವರೆಗೂ ನಮ್ಮ ಹೆಂಗಸರು ಒಬ್ಬೊಬ್ಬರು ತಾವು ಕೂಲಿಗೆ ಹೋಗುವ ತೋಟದಲ್ಲಿ ಒಂದೊಂದು ಹೊರೆ ಸೊಪ್ಪು ಕೇಳಿ ತಂದು ಗೌಡರ ಮನೆಗೆ ಹಾಕುವುದು. ಆಡಿನವನು ಬೇಲಿ ಕಟ್ಟಿಕೊಡುವುದು. ಗೌಡರು ಒಪ್ಪಿ ಕೈ ಚಾಚಿದರು. ಅತ್ತೆ ಚೊಂಬು ಎತ್ತಿದಳು, ಹುಯ್ಯಲಿಲ್ಲ.

"ಸೊಪ್ಪು ನಾವು ತಂದ್ಕೊಡ್ತೀವಿ ಗೌಡ್ರೆ. ಬರ್ತಾ ಆಡಿದ್ರಲ್ಲ ಒಂದ್ ಮಾತು, ಅದ್ನ ನೀವು ತಗಂಡೋಗಿ. ಇಲ್ಲೇ ಬುಟ್ಟೋದ್ರೆ ಮಕ್ಳು ತುಳೀತವೆ."

ಗೌಡರು ಪೆಚ್ಚಾದರು. ಅಂಟು ಕೈಯಲ್ಲಿ ಕೂತ ಮನುಷ್ಯನಿಗೆ ಗತ್ತು ತೋರಿಸುವುದು ಕಷ್ಟ. "ಸಿಟ್ನಲ್ಲಿ ಬಂದ್ಬುಡ್ತು ಕಣವ್ವ, ಬುಡು. ಆಡ್ಬಾರ್ದಿತ್ತು" ಎಂದರು. ನೀರು ಬಿತ್ತು. ಆಮೇಲೆ ಪ್ರತಿ ವರ್ಷ ಹುಣಸೆ ಕಾಲದಲ್ಲಿ ಆ ದಾರಿಯಲ್ಲಿ ಹೋದರೆ ಬೈಕು ನಿಲ್ಲಿಸಿ "ಏನ್ ಯಜಮಾನ್ತಿ, ಹಣ್ ಬಡಿಯಕ್ಕೆ ಆಳು ಬೇಕಾ?" ಎಂದು ಕೂಗುತ್ತಿದ್ದರು. "ಪಂಚೆ ಬಿಚ್ಚಿಟ್ಟು ಚಡ್ಡೀಲಿ ಬನ್ನಿ" ಎಂದು ಅತ್ತೆ ಕೂಗುತ್ತಿದ್ದಳು.

ಇನ್ನು ನನ್ನ ನ್ಯಾಯ. ಅದನ್ನು ಹೇಳದೆ ಅವಳನ್ನು ಹೇಳಿದಂತಾಗುವುದಿಲ್ಲ.

ನನ್ನನ್ನು ತೊಟ್ಟಿಲಿಗೆ ಹಾಕಿದ ದಿನವೇ ಅತ್ತೆ ನನ್ನ ಮೂಗು ಹಿಂಡಿ "ಇದು ನನ್ ಸೊಸೆ" ಎಂದಿದ್ದಳಂತೆ. ಅಪ್ಪ "ಆಗ್ಲಿ ಅಕ್ಕ" ಎಂದು ಮಾತು ಕೊಟ್ಟಿದ್ದರಂತೆ. ಅತ್ತೆಗೆ ಒಬ್ಬನೇ ಮಗ, ನನ್ನ ಬಾವ. ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಕೇಳದೆಯೇ ನಡೆಯುವ ಮಾತು. ಹಾಗಾಗಿ ನಾನು ಬೆಳೆದದ್ದೇ ಅವಳ ಮನೆಯಂಗಳದಲ್ಲಿ. ತಲೆ ಬಾಚಿದವಳು ಅವಳು, ಹೈಸ್ಕೂಲಿಗೆ ಸಾತನೂರಿನ ಹಾಸ್ಟೆಲ್ಲಿಗೆ ಬಿಟ್ಟು ಬಂದವಳು ಅವಳು. ಹಬ್ಬಕ್ಕೆ ಬಂದಾಗಲೆಲ್ಲ ಮನೆಯ ಮೂಲೆ ಮೂಲೆ ತೋರಿಸಿ "ಈ ರಾಗಿ ಕಲ್ಲು ನಿಂದು, ಈ ಗೂಟ ನಿಂದು, ನಿನ್ ಸೀರೆ ಇಲ್ಲಿ ನೇತಾಕು" ಎನ್ನುತ್ತಿದ್ದಳು. ಅವಳು ಅಷ್ಟು ಆಸೆಯಿಂದ ಇನ್ನೇನನ್ನೂ ಬಯಸಿದ್ದನ್ನು ನಾನು ಕಾಣೆ.

ಪಿಯುಸಿ ಮುಗಿದ ಮೇಲೆ ನನಗೆ ಕಂಡಕ್ಟರ್ ಕೆಲಸ ಸಿಕ್ಕಿತು. ಅಪ್ಪ ಮದುವೆ ಮಾತು ತೆಗೆದರು. ಬಾವ ಕೆಟ್ಟವನಲ್ಲ. ಲಗೇಜ್ ಆಟೋ ಇಟ್ಟುಕೊಂಡು ರಾಮನಗರಕ್ಕೆ ಗೂಡು ಸಾಗಿಸುತ್ತಿದ್ದ, ಕುಡಿತ ಇಲ್ಲ, ಕೆಟ್ಟ ಮಾತಿಲ್ಲ. ಆದರೆ ಅವನದೊಂದು ಹಟ, ಮದುವೆಯಾದ ಮೇಲೆ ಬಸ್ಸು ಬೇಡ. ನನಗೋ ಬಸ್ಸು ಬೇಕು. ಜೊತೆಗೆ ಒಂದೇ ತಟ್ಟೆಯಲ್ಲಿ ಉಂಡು, ಕಿತ್ತಾಡಿ, ಮೂಗಿನ ಸಿಂಬಳ ಒರೆಸಿಕೊಂಡು ಬೆಳೆದವನನ್ನು ಗಂಡ ಎಂದು ನೋಡಲು ನನ್ನ ಕಣ್ಣು ಒಪ್ಪಲಿಲ್ಲ. ಒಲ್ಲೆ ಎಂದೆ. ಅಪ್ಪ ಕೊಟ್ಟ ಮಾತು ತಪ್ಪುವುದಿಲ್ಲ ಎಂದರು. ಮನೆಯಲ್ಲಿ ಬೆಂಕಿ ಬಿತ್ತು. ಕೊನೆಗೆ ಅಪ್ಪನೇ "ನಡಿ, ನಿಮ್ಮತ್ತೆ ಮುಂದೆ ನ್ಯಾಯ ಆಗ್ಲಿ" ಎಂದರು. ಅಪ್ಪನಿಗೆ ಧೈರ್ಯವಿತ್ತು, ಅಕ್ಕ ತನ್ನ ಸೊಸೆಯನ್ನು ತಾನೇ ಬಿಟ್ಟುಕೊಡುತ್ತಾಳೆಯೇ. ನನಗೂ ಅದೇ ಭಯ. ಅವಳು "ಬಾ" ಎಂದುಬಿಟ್ಟರೆ ಇಲ್ಲ ಎನ್ನುವ ಶಕ್ತಿ ನನಗೆ ಇರಲಿಲ್ಲ.

ಹುಣಸೆ ಕಾಲವೇ. ದೊಡ್ಡಿಯ ಜನವೆಲ್ಲ ಸೇರಿದ್ದರು. ಗುಡ್ಡೆಯ ಒಂದು ಕಡೆ ನಾನು, ಅಪ್ಪ. ಎದುರಿಗೆ ಬಾವ. ನಡುವೆ ಅತ್ತೆ, ಕೊಡತಿ ಹಿಡಿದು. ಚಿಕ್ಕಮಾವ ಶುರುಮಾಡಿದರು.

"ಅತ್ಗೆ, ಇದು ನಿನ್ ಮಗನ ಇಸ್ಯ. ನೀನು ಕುಂತ್ರೆ ಚೆಂದಾಗಿರಾಕಿಲ್ಲ. ಇವತ್ತು ನಾನ್ ಹೇಳ್ತೀನಿ ನ್ಯಾಯವ."

"ಹೇಳಪ್ಪ. ಆದ್ರೆ ಅರ್ಧಕ್ಕೆ ಎದ್ದು ನಮ್ಮನೆ ಒಳಕ್ಕೆ ಬರಂಗಿಲ್ಲ" ಎಂದಳು ಅತ್ತೆ. ಜನ ಗೊಳ್ಳೆಂದರು. ಚಿಕ್ಕಮಾವ ತಾವೂ ನಕ್ಕು ಸುಮ್ಮನೆ ಒಂದು ಹಣ್ಣು ಎತ್ತಿಕೊಂಡರು.

ನಗು ನಿಂತ ಮೇಲೆ ಕೊಡತಿಯ ಸದ್ದೊಂದೇ ಕೇಳುತ್ತಿತ್ತು. ಅಪ್ಪ ಹೇಳಿದರು. ಬಾವ ಹೇಳಿದ. ನಾನು ಹೇಳಿದ್ದೆಷ್ಟೋ ಅತ್ತದ್ದೆಷ್ಟೋ ನೆನಪಿಲ್ಲ. ಅತ್ತೆ ತಲೆ ಎತ್ತದೆ ಬಡಿಯುತ್ತಲೇ ಇದ್ದಳು. ಆಮೇಲೆ ಮಗನನ್ನು ಕೇಳಿದಳು.

"ಬಸ್ಸು ಬುಟ್ಟು ಬಾ ಅಂತೀಯಲ್ಲ ಅವ್ಳ. ಅವ್ಳು ಆಟೋ ಬುಟ್ಟು ಬಾ ಅಂದ್ರೆ ನೀನ್ ಹೋದೀಯಾ?"

"ಅದೆಂಗಾಯ್ತದೆ ಕಣವ್ವ? ನಾನು ಗಂಡ್ಸು."

ಅವಳು ಇನ್ನೊಂದು ಹಣ್ಣು ಕಲ್ಲಿನ ಮೇಲಿಟ್ಟು ಬಡಿದಳು. ನನ್ನ ಕಡೆ ತಿರುಗಿದಳು. ಅವಳ ದನಿ ಆವತ್ತು ಒಂದು ಸಲ ತೊಡರಿದ್ದು ಅಲ್ಲೇ. "ನೀ ಒಲ್ಲೆ ಅಂತಿರೋದು ಯಾರ್ನಮ್ಮಿ? ನನ್ ಮಗನ್ನೋ, ನನ್ ಮನೇನೋ, ನನ್ನೋ?"

"ನಿನ್ನ ಒಲ್ಲೆ ಅಂದ್ರೆ ನಂಗಿನ್ನ್ಯಾರವ್ರೆ ಅತ್ತೆ" ಎಂದು ನಾನು ಅಂಟುಗೈಯಲ್ಲೇ ಮುಖ ಮುಚ್ಚಿಕೊಂಡೆ. ಕಣ್ಣಿಗೆ ಹುಳಿ ಹೋಗಿ ಧಾರಾಕಾರ ನೀರು ಬಂತು. ಅದರಲ್ಲಿ ಅಳು ಎಷ್ಟು, ಹುಳಿ ಎಷ್ಟು, ಯಾರಿಗೂ ಗೊತ್ತಾಗಲಿಲ್ಲ.

ಅತ್ತೆ ಕೊಡತಿ ಕೆಳಗಿಟ್ಟಳು. "ಕೂಸು ತೊಟ್ಲಾಗಿದ್ದಾಗ ಮಾತು ಕೊಟ್ಟೋನು ನನ್ ತಮ್ಮ. ಈಸ್ಕಂಡೋಳು ನಾನು. ಕೂಸು ಯಾವ್ ಮಾತೂ ಕೊಟ್ಟಿಲ್ಲ. ಮಾತು ನಮ್ದು, ಮುರ್ದ ಪಾಪವೂ ನಮ್ದೇ. ನಾನೇ ಮುರೀತಾ ಇವ್ನಿ. ಅವ್ಳು ಬಸ್ಸಿಗೆ ಹೋಗ್ಲಿ."

ಅವಳು ಎದ್ದು ಚೊಂಬು ತುಂಬಿದಳು. ಅಪ್ಪನ ಕೈಗೆ ಹುಯ್ದಳು, ನನ್ನ ಕೈಗೆ ಹುಯ್ದಳು. ಮೂರನೆಯ ಚೊಂಬು ಹಿಡಿದು ಮಗನ ಮುಂದೆ ನಿಂತಳು. ಬಾವ ಕೈ ಚಾಚಲಿಲ್ಲ.

"ಊರಿಗೆ ಉಪಕಾರಿ, ಮನೆಗೆ ಮಾರಿ ಆದೆ ಕಣವ್ವ ನೀನು" ಎಂದ. ಅಂಟುಗೈಯಲ್ಲೇ ಎದ್ದು ನಡೆದುಬಿಟ್ಟ. ಆ ಮರದ ಕೆಳಗಿಂದ ಕೈ ತೊಳೆಯದೆ ಎದ್ದುಹೋದವನು ಅವನೊಬ್ಬನೇ. ಅತ್ತೆ ತುಂಬಿದ ಚೊಂಬನ್ನು ಮತ್ತೆ ಹರವಿಗೆ ಸುರಿದಳು. ಆ ದಿನ "ಊಟಕ್ಕೇಳಿ" ಎಂದು ಅವಳು ಹೇಳಲಿಲ್ಲ, ಜನ ತಾವಾಗಿಯೇ ಎದ್ದು ಹೋದರು.

ನಾನು ಅಲ್ಲೇ ಕೂತಿದ್ದೆ. ಅವಳು ಬಂದು ಮೂಗು ಹಿಂಡಿದಳು. "ಅಳ್ಬೇಡ ಕಣಮ್ಮಿ ಸೊಸೆ."

"ಇನ್ನೇನ್ ಸೊಸೆ ಅತ್ತೆ" ಎಂದೆ.

"ಸೊಸೆ ಅನ್ನೋದ್ಕೆ ಎರಡು ಅರ್ಥ ಐತೆ ಕಣೆ. ಮಗನ್ ಹೆಂಡ್ರೂ ಸೊಸೇನೆ, ತಮ್ಮನ್ ಮಗ್ಳೂ ಸೊಸೇನೆ. ಒಂದು ಹೋಯ್ತು. ಇನ್ನೊಂದ್ನ ಯಾವ್ ನ್ಯಾಯದೋನು ಬಂದು ಮುರ್ದಾನು?"

ನಾನು ಟ್ರೈನಿಂಗಿಗೆ ಹೋದೆ. ಮೊದಲ ಪೋಸ್ಟಿಂಗ್ ದೂರದ ಡಿಪೋದಲ್ಲಿ. ಮುಂದೆ ಮದುವೆಯೂ ಆಯಿತು, ನಮ್ಮ ಮನೆಯವರು ಮಾಗಡಿ ಕಡೆಯವರು, ಬಸ್ಸು ಬೇಡ ಎನ್ನದವರು. ಧಾರೆ ಎರೆಯುವಾಗ ಅಪ್ಪನ ಕೈಯಲ್ಲಿ ಚೊಂಬು ವಾಲಿತು. ಅತ್ತೆ ಸಟ್ಟನೆ ಬಂದು ಕೈ ಕೊಟ್ಟಳು. ಗಂಡ ಇಲ್ಲದವಳು ಧಾರೆಗೆ ಕೈ ಹಾಕಬಹುದೇ ಎಂದು ಯಾರೋ ಹಿಂದಿನಿಂದ ಗುಸುಗುಟ್ಟಿದರು. ಚಿಕ್ಕಮಾವ ತಿರುಗಿ ಗದರಿದರು. "ಯಜಮಾನ್ತಿ ಕಣ್ರೋ ಅವ್ಳು, ಸುಮ್ಕಿರಿ." ಒಂದು ಕಾಲದಲ್ಲಿ ಹೆಣ್ಣು ನ್ಯಾಯ ಹೇಳಬಾರದು ಎಂದ ಬಾಯಿ ಅದೇ.

ಬಾವನಿಗೂ ಮದುವೆಯಾಯಿತು, ಮಕ್ಕಳಾದವು. ತಾಯಿಯನ್ನು ಚೆನ್ನಾಗಿಯೇ ನೋಡಿಕೊಂಡ. ಅವಳು ಬಡಿಸಿದ್ದನ್ನೇ ಉಣ್ಣುತ್ತಿದ್ದ, ಜ್ವರ ಬಂದರೆ ಹೊತ್ತುಕೊಂಡು ಓಡುತ್ತಿದ್ದ. ಆದರೆ ನ್ಯಾಯ ನಡೆಯುವ ದಿನ ಆ ಮರದ ಕಡೆ ತಲೆ ಹಾಕಲಿಲ್ಲ. ಕಿರಿದಾದ ರಸ್ತೆಯಲ್ಲಿ ಅವನ ಆಟೋ ನಮ್ಮ ಬಸ್ಸಿಗೆ ಎದುರಾದರೆ ಪೂರ್ತಿ ಪಕ್ಕಕ್ಕೆ ಇಳಿಸಿ ದಾರಿ ಬಿಡುತ್ತಿದ್ದ, ಬಾಗಿಲ ಕಡೆ ಮಾತ್ರ ನೋಡುತ್ತಿರಲಿಲ್ಲ. ಅತ್ತೆಯೂ ಅದರ ಮಾತೆತ್ತುತ್ತಿರಲಿಲ್ಲ. ಆದರೆ ಅಂದಿನಿಂದ ಅವಳು ಹರವಿಯನ್ನು ಬರಿದು ಮಾಡುವುದನ್ನು ಬಿಟ್ಟಳು. ಎಷ್ಟೇ ಜನ ಕೈ ತೊಳೆಯಲಿ, ತಳದಲ್ಲಿ ಒಂದು ಚೊಂಬಿನಷ್ಟು ನೀರು ಉಳಿಯಬೇಕು. ಕಾಗೆ ಗುಬ್ಬಿಗೆ ಇರಬೇಕು ಎಂದು ಜನ ತಿಳಿದಿದ್ದರು. ನಾನು ಕೇಳಿದಾಗ ಸಣ್ಣ ದನಿಯಲ್ಲಿ ಹೇಳಿದಳು. "ಒಬ್ಬನ ಕೈ ಬಾಕಿ ಐತೆ ಕಣಮ್ಮಿ."

ವರ್ಷಗಳ ಮೇಲೆ ನನಗೆ ಉಯ್ಯಂಬಳ್ಳಿ ರೂಟು ಸಿಕ್ಕಿತು. ಅತ್ತೆ ಹೊಸ ಸೀರೆ ಉಟ್ಟು, ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ, ಉಯ್ಯಂಬಳ್ಳಿಯಲ್ಲಿ ಬಂದು ನಿಂತಿರುತ್ತಿದ್ದಳು. ಹತ್ತಿ ಬಾಗಿಲ ಪಕ್ಕದ ಸೀಟು ಹಿಡಿಯುತ್ತಿದ್ದಳು. ಸಾತನೂರಿನಲ್ಲಿ ಇಳಿಯುತ್ತಿದ್ದಳು, ಬಸ್ಸು ಕನಕಪುರಕ್ಕೆ ಹೋಗಿ ವಾಪಸು ಬರುವವರೆಗೆ ಅಲ್ಲೇ ನೆರಳಲ್ಲಿ ಕೂತಿದ್ದು ಮತ್ತೆ ಹತ್ತುತ್ತಿದ್ದಳು.

"ಸಾತನೂರಲ್ಲಿ ಏನ್ ಕೆಲ್ಸ ಅತ್ತೆ?" ಎಂದು ಕೇಳಿದೆ ಒಂದು ದಿನ.

"ಏನ್ ಕೆಲ್ಸ? ಸೊಸೆ ಮನೆಗೆ ಬಂದಿವ್ನಿ. ನೀನಂತೂ ನನ್ ಮನೆಗೆ ಬರ್ನಿಲ್ಲ, ನಾನಾದ್ರೂ ನಿನ್ ಮನೆಗೆ ಬರ್ಬೇಡ್ವಾ."

ನಾನು ಚೀಲದಲ್ಲಿ ಇಲ್ಲದ ಚಿಲ್ಲರೆ ಹುಡುಕತೊಡಗಿದೆ. ಅವಳು ಮಾತ್ರ ಕಿಟಕಿಯಿಂದ ಆಚೆ ನೋಡಿಕೊಂಡು ಬಾಯಿ ತುಂಬ ಎಲೆ ಹಾಕಿಕೊಂಡಿದ್ದಳು. ಬಸ್ಸೆಂಬ ಆ ಮನೆಯಲ್ಲಿ ಅವಳು ಅತ್ತೆಯ ಅಧಿಕಾರವನ್ನೂ ಚಲಾಯಿಸುತ್ತಿದ್ದಳು. ಫುಟ್‌ಬೋರ್ಡಿನಲ್ಲಿ ನೇತಾಡುವ ಹುಡುಗರಿಗೆ "ಒಳಕ್ಕೆ ಬರ್ರೋ, ನನ್ ಸೊಸೇಗೆ ಕೆಟ್ಟೆಸ್ರು ತರ್ಬೇಡಿ" ಎಂದು ಗದರುತ್ತಿದ್ದಳು. ಒಮ್ಮೆ ಇಬ್ಬರು ಹೆಂಗಸರು ಸೀಟಿಗೆ ಜುಟ್ಟು ಜುಟ್ಟು ಹಿಡಿಯುವಂತಾದಾಗ ನನಗೆ ಕಣ್ಣಲ್ಲೇ ಸನ್ನೆ ಮಾಡಿದಳು. ನನಗೆ ಅರ್ಥವಾಯಿತು. ಒಬ್ಬಳ ಕೈಗೆ ಇನ್ನೊಬ್ಬಳ ಮಗುವನ್ನು ಕೊಟ್ಟೆ, ಇನ್ನೊಬ್ಬಳ ಮಡಿಲಿಗೆ ಇವಳ ಮೊಟ್ಟೆಯ ಬುಟ್ಟಿ ಇಟ್ಟೆ. ಉಯ್ಯಂಬಳ್ಳಿ ಬರುವ ಹೊತ್ತಿಗೆ ಇಬ್ಬರೂ ತಮ್ಮ ತಮ್ಮ ಅತ್ತೆಯರನ್ನು ಬೈದುಕೊಳ್ಳುತ್ತಾ ಒಂದಾಗಿದ್ದರು. ನಮ್ಮತ್ತೆ ಮುಸಿಮುಸಿ ನಕ್ಕಳು. ಈ ಕೆಲಸದಲ್ಲಿ ನನಗೆ ಏನಾದರೂ ಹೆಸರು ಇದ್ದರೆ ಅದು ಟ್ರೈನಿಂಗಿನಲ್ಲಿ ಕಲಿತದ್ದಲ್ಲ, ಆ ಮರದ ಕೆಳಗೆ ಕಲಿತದ್ದು.

ಕಳೆದ ವರ್ಷ ಅವಳಿಗೆ ಜ್ವರ ಹಿಡಿದು ಇಳಿಯದೆ ಹೋಯಿತು. ಬಾವ ಅದೇ ಆಟೋದಲ್ಲಿ ಹಾಸಿಗೆ ಹಾಸಿ ರಾಮನಗರದ ಆಸ್ಪತ್ರೆಗೆ ಕರೆದೊಯ್ದಿದ್ದ. ನಾನು ಡ್ಯೂಟಿ ಮುಗಿಸಿ ಖಾಕಿಯಲ್ಲೇ ಹೋದೆ. ಅರೆಗಣ್ಣು ತೆರೆದು ನನ್ನ ಬಟ್ಟೆ ನೋಡಿದಳು. ಬಸ್ಸಿನಲ್ಲಿ ಇದ್ದೇನೆ ಎಂದುಕೊಂಡಳೋ ಏನೋ.

"ಸಾತನೂರು ಬಂತಾ ಸೊಸೆ?"

"ಇನ್ನೂ ಇಲ್ಲ ಅತ್ತೆ. ಮಲಕ್ಕೋ."

"ಬಂದ್ರೆ ಇಳ್ಸು. ಮರ್ತು ಮುಂದಕ್ಕೆ ಕರ್ಕಂಡೋಗ್ಬುಟ್ಟೀಯೆ." ಕಣ್ಣು ಮುಚ್ಚಿಕೊಂಡೇ ಮತ್ತೆ ಅಂದಳು. "ಹರವಿ ಬರಿದು ಮಾಡ್ಬೇಡಿ ಅಂತ ಹೇಳು."

ಬಾವ ಬಾಗಿಲಲ್ಲಿ ನಿಂತಿದ್ದ. ಅವನಿಗೂ ಅದು ಕೇಳಿಸಿತು. ಮರುದಿನ ಬೆಳಿಗ್ಗೆ ಅವಳು ಹೋದಳು, ನಾನು ಸಾತನೂರಿನಲ್ಲಿ ಟಿಕೆಟ್ ಕೊಡುತ್ತಿದ್ದಾಗ ಫೋನು ಬಂತು.

ದೊಡ್ಡಿಯಲ್ಲಿ ಗೌಡರುಗಳು, ಕೂಲಿಯವರು, ಅವಳಿಂದ ನ್ಯಾಯ ಗೆದ್ದವರು, ಸೋತವರು, ಎಲ್ಲರೂ ನೆರೆದಿದ್ದರು. ಪಂಚೆಯ ಗೌಡರು ಮಗುವಿನ ಹಾಗೆ ಅತ್ತರು. ಮರದಲ್ಲಿ ಹುಣಸೆ ಇನ್ನೂ ಎಳೆಗಾಯಿ. ಅದರಿಂದ ಸ್ವಲ್ಪ ದೂರದಲ್ಲೇ, ಮಾವನ ಪಕ್ಕದಲ್ಲಿ ಅವಳನ್ನು ಮಣ್ಣು ಮಾಡಿದೆವು. ಗಂಡಸರು ಹೆಂಗಸರು ಎಲ್ಲರೂ ಒಂದೊಂದು ಹಿಡಿ ಹಾಕಿದೆವು. ಮಣ್ಣುಗೈಯಲ್ಲೇ ಬಂದು ಮರದ ಕೆಳಗೆ ನಿಂತೆವು. ಹರವಿ ಅಲ್ಲೇ ಇತ್ತು, ಮೇಲೆ ನೆಗ್ಗಿದ ಚೊಂಬು. ಯಾರೂ 'ನೀರು' ಎನ್ನಲಿಲ್ಲ. ಯಾರು ಹುಯ್ಯಬೇಕು? ಕೈ ಮುಂದೆ ಚಾಚಿಕೊಂಡು ಅಷ್ಟು ಜನ ಸುಮ್ಮನೆ ನಿಂತಿದ್ದರು. ಆಗ ಚಿಕ್ಕಮಾವ, ಈಗ ಬೆನ್ನು ಬಾಗಿದ ಮುದುಕರು, ಚೊಂಬು ಎತ್ತಿ ತಂದು ನನ್ನ ಕೈಯಲ್ಲಿಟ್ಟರು.

ಒಬ್ಬೊಬ್ಬರಿಗೇ ಹುಯ್ದೆ. ಅಪ್ಪನಿಗೆ, ಗೌಡರಿಗೆ, ಹೆಂಗಸರಿಗೆ, ಮಕ್ಕಳಿಗೆ. ಹರವಿ ಖಾಲಿಯಾಗುತ್ತಾ ಬಂತು. ತಳದಲ್ಲಿ ಒಂದು ಚೊಂಬು ಉಳಿಯಿತು. ಅಭ್ಯಾಸದಂತೆ ಅಲ್ಲಿಗೆ ನಿಲ್ಲಿಸಿದೆ.

ಬಾವ ದೂರದಲ್ಲಿ ತನ್ನ ಆಟೋಗೆ ಒರಗಿ ನಿಂತಿದ್ದ. ತಾಯಿಗೆ ಮೊದಲ ಹಿಡಿ ಮಣ್ಣು ಹಾಕಿದ ಕೈ ಹಾಗೆಯೇ ಇತ್ತು. ನಿಧಾನ ನಡೆದು ಬಂದ. ಅಷ್ಟು ವರ್ಷಗಳ ಮೇಲೆ, ಜನ ನೆರೆದಿರುವಾಗ, ಆ ಮರದ ನೆರಳಿಗೆ ಕಾಲಿಟ್ಟ. ನನ್ನ ಮುಂದೆ ಬಂದು ಕೂತ. ಎರಡು ಕೈಯನ್ನೂ ಜೋಡಿಸಿ ಚಾಚಿದ.

"ಹುಯ್ಯಮ್ಮಿ" ಎಂದ. "ಅವ್ವನ ನ್ಯಾಯ ಮುಗೀಲಿ."

ಆ ಕೊನೆಯ ಚೊಂಬನ್ನು ಅವನ ಕೈಗೆ ಹುಯ್ದೆ. ಅವನು ಗೆಣ್ಣು ಗೆಣ್ಣು ತಿಕ್ಕಿ ತೊಳೆದ. ನೀರು ಕೆಂಪಾಗಿ ಮರದ ಬುಡಕ್ಕೆ ಹರಿಯಿತು. ನನ್ನ ಕೈಗೆ ನೀರು ಉಳಿಯಲಿಲ್ಲ, ಮಣ್ಣನ್ನು ಸೆರಗಿಗೆ ಒರೆಸಿಕೊಂಡೆ. ಜನ ಇನ್ನೂ ನಿಂತೇ ಇದ್ದರು. ಅವರು ಯಾವುದಕ್ಕೆ ಕಾಯುತ್ತಿದ್ದಾರೆ ಎಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಆಯ್ತಾ?" ಎಂದೆ. ದನಿ ನನ್ನದಾಗಿರಲಿಲ್ಲ. "ಇನ್ನ ಊಟಕ್ಕೇಳಿ."